ಮುದ್ರಿತ ವೇಗದ ಆಚೆಗೆ: ಮೆಮೊರಿ ಓವರ್‌ಕ್ಲಾಕಿಂಗ್ ಮಾಡಿದಾಗ ಒಳಗೆ ನಡೆಯುವುದೇನು?

6000 ಎಂದು ಮುದ್ರಿಸಿದ ಡಿಡಿಆರ್5 ರ‍್ಯಾಮ್ ಸ್ಟಿಕ್‌ಗಳನ್ನು ಹೊಸ ಕಂಪ್ಯೂಟರಿಗೆ ಜೋಡಿಸಿ, ಮೊದಲ ಬಾರಿ ಬಯಾಸ್ (ಕಂಪ್ಯೂಟರ್ ಏಳುವಾಗ ಮೊದಲು ಓಡುವ, ಮೂಲ ಸೆಟ್ಟಿಂಗ್‌ಗಳಿರುವ ತಂತ್ರಾಂಶ) ತೆರೆದು ನೋಡಿದವರಿಗೆ ಅಲ್ಲಿ ಬಹಳ ಸಲ ಕಾಣುವುದು 4800 ಎಂಬ ಸಂಖ್ಯೆ. ಎರಡೂ ಸೆಕೆಂಡಿಗೆ ಎಷ್ಟು ದಶಲಕ್ಷ ಸಲ ದತ್ತಾಂಶ ಸಾಗುತ್ತದೆ ಎಂಬ ಲೆಕ್ಕ. ದುಡ್ಡು ಕೊಟ್ಟ ವೇಗ ಎಲ್ಲಿ ಹೋಯಿತು ಎಂದು ಗಾಬರಿಯಾಗುವುದು ಸಹಜ, ಆದರೆ ಅಲ್ಲಿ ದೋಷವೇನೂ ಇರುವುದಿಲ್ಲ. 4800 ಎಂಬುದು ಮೆಮೊರಿಯ ಮಾನದಂಡಗಳನ್ನು ರೂಪಿಸುವ ಜೆಡೆಕ್ ಸಂಸ್ಥೆಯ ಪಟ್ಟಿಯಲ್ಲಿರುವ, ಹೊಂದುವ ಯಾವ ಮದರ್‌ಬೋರ್ಡಿನಲ್ಲಾದರೂ ತಂಟೆಯಿಲ್ಲದೆ ನಡೆಯಬೇಕಾದ ವೇಗ. 6000 ಎಂಬುದು ಆ ಸ್ಟಿಕ್ ತಯಾರಿಸಿದವರು ತಾವೇ ಪರೀಕ್ಷಿಸಿ, ಇಂತಿಷ್ಟು ವೋಲ್ಟೇಜ್ ಕೊಟ್ಟರೆ ಇದು ಓಡುತ್ತದೆ ಎಂದು ಹೇಳಿರುವ ವೇಗ. ಎರಡೂ ವಿವರಗಳು ಸ್ಟಿಕ್‌ನ ಮೇಲಿರುವ ಎಸ್‌ಪಿಡಿ ಎಂಬ ಪುಟ್ಟ ಚಿಪ್‌ನಲ್ಲಿ ಬರೆದಿರುತ್ತವೆ. ಕಂಪ್ಯೂಟರ್ ತಾನಾಗಿ ಆರಿಸಿಕೊಳ್ಳುವುದು ಮೊದಲನೆಯದನ್ನು. ಎರಡನೆಯದು ಬೇಕೆಂದರೆ, ಇಂಟೆಲ್ 2007ರಲ್ಲಿ ಡಿಡಿಆರ್3 ಜೊತೆಗೆ ತಂದ ಎಕ್ಸ್‌ಎಂಪಿಯನ್ನೋ ಎಎಂಡಿ 2022ರಲ್ಲಿ ಡಿಡಿಆರ್5 ಜೊತೆಗೆ ತಂದ ಎಕ್ಸ್‌ಪೋವನ್ನೋ ನಾವೇ ಬಯಾಸ್‌ನಲ್ಲಿ ಚಾಲೂ ಮಾಡಬೇಕು; ಇವು ವೇಗ, ವೋಲ್ಟೇಜ್ ಮುಂತಾದವನ್ನು ಒಟ್ಟಿಗೆ ಹೊಂದಿಸುವ ಸಿದ್ಧ ಪ್ರೊಫೈಲ್‌ಗಳು.

ಹಾಗೆ ಚಾಲೂ ಮಾಡುವುದನ್ನು ಅನೇಕರು ಓವರ್‌ಕ್ಲಾಕಿಂಗ್ ಎಂದು ಎಣಿಸುವುದೇ ಇಲ್ಲ. ಆದರೆ ಪ್ರೊಸೆಸರ್ ತಯಾರಕರ ದೃಷ್ಟಿಯಲ್ಲಿ, ತಾವು ಸೂಚಿಸಿದ ಮೆಮೊರಿ ವೇಗವನ್ನು ದಾಟಿದ ಯಾವುದೇ ಹೊಂದಾಣಿಕೆ ಓವರ್‌ಕ್ಲಾಕಿಂಗೇ. ವಾರಂಟಿಯ ಷರತ್ತುಗಳನ್ನು ಅವರು ಬರೆದಿರುವುದೂ ಅದೇ ಲೆಕ್ಕದಲ್ಲಿ. ಒಂದು ಗುಂಡಿ ಒತ್ತಿ ಪ್ರೊಫೈಲ್ ಆರಿಸಿದವರೂ, ರಾತ್ರಿಯೆಲ್ಲ ಕುಳಿತು ಒಂದೊಂದೇ ಸಂಖ್ಯೆಯನ್ನು ತಿದ್ದುವವರೂ ಮಾಡುತ್ತಿರುವುದು ಒಂದೇ ಕೆಲಸ: ತಯಾರಕರು ಉಳಿಸಿಟ್ಟ ಮೀಸಲನ್ನು ಖರ್ಚು ಮಾಡುವ ಕೆಲಸ.

ಆ ಮೀಸಲು ಇರುವುದೇಕೆ ಎಂಬುದನ್ನು ತಿಳಿದರೆ ಉಳಿದದ್ದು ಸುಲಭವಾಗುತ್ತದೆ. ನಿಗದಿತ ವೇಗವೆಂದರೆ ಒಂದು ಚಿಪ್‌ನ ಗರಿಷ್ಠ ಸಾಮರ್ಥ್ಯವಲ್ಲ. ಒಂದೇ ಮಾದರಿಯ ಲಕ್ಷಾಂತರ ಚಿಪ್‌ಗಳಲ್ಲಿ ತೀರ ದುರ್ಬಲವಾದದ್ದು, ತೀರ ಬಿಸಿಯಾದ ಪೆಟ್ಟಿಗೆಯೊಳಗೆ, ಸಾಧಾರಣ ಮದರ್‌ಬೋರ್ಡಿನ ಮೇಲೆ, ವರ್ಷಗಟ್ಟಲೆ ದುಡಿದ ಮೇಲೂ ತಪ್ಪು ಮಾಡದೆ ಇರಬೇಕು ಎಂಬ ಭರವಸೆ ಅದು. ನಮ್ಮ ಕೈಯಲ್ಲಿರುವ ಚಿಪ್ ಅಷ್ಟು ದುರ್ಬಲವಾಗಿರದಿದ್ದರೆ, ನಮ್ಮ ಪೆಟ್ಟಿಗೆ ಅಷ್ಟು ಬಿಸಿಯಾಗದಿದ್ದರೆ, ನಡುವೆ ಒಂದಿಷ್ಟು ಜಾಗ ಮಿಗುತ್ತದೆ. ಎಷ್ಟು ಮಿಗುತ್ತದೆ ಎಂಬುದನ್ನು ಚಿಪ್‌ನ ಮೇಲೆ ಯಾರೂ ಬರೆದಿರುವುದಿಲ್ಲ. ಪರೀಕ್ಷಿಸಿಯೇ ತಿಳಿಯಬೇಕು.

ಈಗ ಡಿರ‍್ಯಾಮ್ ಎಂಬ ಬಗೆಯ ಈ ಮೆಮೊರಿ ಚಿಪ್‌ನ ಒಳಗೆ ಇಳಿಯೋಣ. ಡಿರ‍್ಯಾಮ್‌ನ ಒಂದು ಕೋಶದಲ್ಲಿರುವುದು ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಟ್ರಾನ್ಸಿಸ್ಟರ್ ಮತ್ತು ವಿದ್ಯುತ್ ಚಾರ್ಜನ್ನು ಹಿಡಿದಿಡುವ ಒಂದು ಕೆಪಾಸಿಟರ್ ಮಾತ್ರ. ಐಬಿಎಂನ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಈ ವಿನ್ಯಾಸ ಮೂಲದಲ್ಲಿ ಇಂದಿಗೂ ಬದಲಾಗಿಲ್ಲ. ಕೆಪಾಸಿಟರ್ ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಈ ಕೆಪಾಸಿಟರ್ ತೂತು ಕೊಡವಿದ್ದಂತೆ: ತುಂಬಿಟ್ಟದ್ದು ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಆದ್ದರಿಂದ ಡಿಡಿಆರ್4 ಮೆಮೊರಿಯಲ್ಲಿ ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ ಓದಿ ಮತ್ತೆ ತುಂಬಬೇಕೆಂಬ ನಿಯಮವಿದೆ. ಆ ಅವಧಿಯನ್ನು 8192 ರಿಫ್ರೆಶ್ ಆಜ್ಞೆಗಳಾಗಿ ಹಂಚಿದರೆ, ಸುಮಾರು 7.8 ಮೈಕ್ರೋಸೆಕೆಂಡಿಗೆ ಒಂದರಂತೆ ಆಜ್ಞೆ ಹೋಗುತ್ತಿರಬೇಕಾಗುತ್ತದೆ. 8 ಗಿಗಾಬಿಟ್‌ನ ಡಿಡಿಆರ್4 ಚಿಪ್‌ನಲ್ಲಿ ಅಂಥ ಒಂದು ರಿಫ್ರೆಶ್‌ಗೆ ಮೀಸಲಿಟ್ಟ ಸಮಯ 350 ನ್ಯಾನೋಸೆಕೆಂಡ್. ಎಂದರೆ ಮೆಮೊರಿಯ ಒಟ್ಟು ಸಮಯದಲ್ಲಿ ಶೇಕಡ 4ಕ್ಕಿಂತ ಹೆಚ್ಚು ಭಾಗ, ಇದ್ದುದನ್ನು ಉಳಿಸಿಕೊಳ್ಳುವುದರಲ್ಲೇ ಕಳೆಯುತ್ತದೆ.

ಓದುವ ಕ್ರಿಯೆಯೂ ಒಂದೇ ಏಟಿಗೆ ಮುಗಿಯುವುದಿಲ್ಲ. ಬೇಕಾದ ಕೋಶವಿರುವ ಇಡೀ ಸಾಲನ್ನು ಮೊದಲು ತೆರೆಯಬೇಕು. ಆಗ ಆ ಸಾಲಿನ ಕೆಪಾಸಿಟರ್‌ಗಳು ತಮ್ಮ ಅಲ್ಪ ಚಾರ್ಜನ್ನು ಉದ್ದನೆಯ ತಂತಿಗಳಿಗೆ ಸುರಿಯುತ್ತವೆ, ತಂತಿಯ ವೋಲ್ಟೇಜ್ ಕೂದಲೆಳೆಯಷ್ಟು ಮೇಲೋ ಕೆಳಗೋ ಸರಿಯುತ್ತದೆ, ಸೆನ್ಸ್ ಆಂಪ್ಲಿಫೈಯರ್ ಎಂಬ ಸರ್ಕೀಟು ಆ ಸಣ್ಣ ವ್ಯತ್ಯಾಸವನ್ನು ಹಿಡಿದು ಸ್ಪಷ್ಟವಾದ ಒಂದು ಅಥವಾ ಸೊನ್ನೆಯಾಗಿ ಹಿಗ್ಗಿಸುತ್ತದೆ. ಇದಕ್ಕೆ ಬೇಕಾಗುವ ಕಾಯುವಿಕೆಯೇ ಟಿಆರ್‌ಸಿಡಿ. ತೆರೆದ ಸಾಲಿನಲ್ಲಿ ನಮಗೆ ಬೇಕಾದ ಕಂಬಸಾಲನ್ನು (ಕಾಲಮ್) ಕೇಳಿದ ಮೇಲೆ ದತ್ತಾಂಶ ಹೊರಗೆ ಬರಲು ಹಿಡಿಯುವ ಸಮಯ ಸಿಎಲ್. ಓದುವಾಗ ಕೆಪಾಸಿಟರ್ ಬರಿದಾಗುವುದರಿಂದ ಅದನ್ನು ಮತ್ತೆ ತುಂಬುವವರೆಗೆ ಸಾಲನ್ನು ಮುಚ್ಚುವಂತಿಲ್ಲ. ಆ ಕನಿಷ್ಠ ಅವಧಿ ಟಿಆರ್‌ಎಎಸ್. ಸಾಲನ್ನು ಮುಚ್ಚಿ ಮುಂದಿನದಕ್ಕೆ ಸಿದ್ಧವಾಗಲು ಬೇಕಾದದ್ದು ಟಿಆರ್‌ಪಿ. ರ‍್ಯಾಮ್ ಪೊಟ್ಟಣದ ಮೇಲೆ 30-36-36-76 ಎಂಬಂತೆ ಕಾಣುವ ನಾಲ್ಕು ಸಂಖ್ಯೆಗಳು ಸಾಮಾನ್ಯವಾಗಿ ಇವೇ, ಸಿಎಲ್, ಟಿಆರ್‌ಸಿಡಿ, ಟಿಆರ್‌ಪಿ, ಟಿಆರ್‌ಎಎಸ್ ಎಂಬ ಕ್ರಮದಲ್ಲಿ.

ಈ ಸಂಖ್ಯೆಗಳು ಸೆಕೆಂಡಿನ ಲೆಕ್ಕವಲ್ಲ, ಗಡಿಯಾರದ ಬಡಿತಗಳ ಲೆಕ್ಕ ಎಂಬುದೇ ಎಲ್ಲ ಗೊಂದಲದ ಮೂಲ. ಡಿಡಿಆರ್ ಎಂದರೆ ಪ್ರತಿ ಬಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುವುದು. ಹಾಗಾಗಿ 3200 ಎಂದು ಕರೆಯುವ ಮೆಮೊರಿಯ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್, ಅದರ ಒಂದು ಬಡಿತ 0.625 ನ್ಯಾನೋಸೆಕೆಂಡ್, ಅಂಥ 16 ಬಡಿತಗಳೆಂದರೆ 10 ನ್ಯಾನೋಸೆಕೆಂಡ್. ಈಗ ಹಿಂದಕ್ಕೂ ಮುಂದಕ್ಕೂ ನೋಡಿ. ಮೊದಲ ತಲೆಮಾರಿನ ಡಿಡಿಆರ್-400 ಸಿಎಲ್2, ಡಿಡಿಆರ್3-1600 ಸಿಎಲ್8, ಡಿಡಿಆರ್4-3200 ಸಿಎಲ್16, ಡಿಡಿಆರ್5-6000 ಸಿಎಲ್30, ಇವೆಲ್ಲವನ್ನೂ ಲೆಕ್ಕ ಹಾಕಿದರೆ ಉತ್ತರ ಒಂದೇ: 10 ನ್ಯಾನೋಸೆಕೆಂಡ್. ಇದೇ ಅವಧಿಯಲ್ಲಿ ಒಂದು ಸ್ಟಿಕ್ ಸೆಕೆಂಡಿಗೆ ಸಾಗಿಸುವ ದತ್ತಾಂಶ 3.2 ಗಿಗಾಬೈಟ್‌ನಿಂದ 48 ಗಿಗಾಬೈಟ್‌ಗೆ, ಹದಿನೈದು ಪಟ್ಟು ಏರಿದೆ. ಮೆಮೊರಿಯ ಬಗ್ಗೆ ನನ್ನನ್ನು ಅತಿ ಹೆಚ್ಚು ಯೋಚನೆಗೆ ಹಚ್ಚಿದ ಲೆಕ್ಕ ಇದು. ಎರಡು ದಶಕಗಳಲ್ಲಿ ಕೋಶ ಚುರುಕಾಗಿಲ್ಲ. ಅದೇ ನಿಧಾನದ ಕೋಶಗಳಿಂದ ಒಮ್ಮೆಗೆ ಹೆಚ್ಚು ಹೆಚ್ಚು ಬಿಟ್‌ಗಳನ್ನು ಸೇದಿ, ಡಿಡಿಆರ್5ರಲ್ಲಾದರೆ ಪ್ರತಿ ತಂತಿಗೆ ಹದಿನಾರರಂತೆ ಸಾಲುಗಟ್ಟಿ, ಹೊರಗಿನ ತಂತಿಯಲ್ಲಿ ವೇಗವಾಗಿ ಕಳಿಸುವ ಜಾಣತನವಷ್ಟೇ ಬೆಳೆದಿದೆ.

ಆದ್ದರಿಂದ ಮೆಮೊರಿ ಓವರ್‌ಕ್ಲಾಕಿಂಗ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಕೆಲಸಗಳಿವೆ. 6000ವನ್ನು 6400 ಮಾಡುವಾಗ ನಾವು ಮುಖ್ಯವಾಗಿ ತಂತಿಗಳ ಮತ್ತು ಪ್ರೊಸೆಸರ್‌ನೊಳಗಿನ ಮೆಮೊರಿ ನಿಯಂತ್ರಕದ ಮೀಸಲನ್ನು ಬಳಸುತ್ತೇವೆ. ಸಿಎಲ್ 36 ಇದ್ದುದನ್ನು 30ಕ್ಕೆ ಇಳಿಸುವಾಗ ಬಳಸುವುದು ಚಿಪ್‌ನೊಳಗಿನ ಮೀಸಲನ್ನು. ಗಡಿಯಾರ ಏರಿಸಿ ಬಡಿತಗಳ ಸಂಖ್ಯೆಯನ್ನು ಹಾಗೆಯೇ ಬಿಟ್ಟರೆ ಎರಡನ್ನೂ ಒಟ್ಟಿಗೆ ಹಿಂಡಿದಂತಾಗುತ್ತದೆ, ಏಕೆಂದರೆ ಬಡಿತವೇ ಚಿಕ್ಕದಾಗಿದೆ. ತಪ್ಪು ಕಾಣಿಸಿಕೊಂಡಾಗ ಅದು ಯಾವ ಕಡೆಯದು ಎಂದು ತಿಳಿಯದೆ ಕೈಗೆ ಸಿಕ್ಕ ವೋಲ್ಟೇಜನ್ನೆಲ್ಲ ಏರಿಸುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ತಂತಿಯ ಕಡೆಯ ಕಷ್ಟ ಎಷ್ಟೆಂಬುದನ್ನು ಒಂದು ಬಿಟ್‌ನ ಅಳತೆಯಲ್ಲಿ ನೋಡಬಹುದು. 6000ದ ವೇಗದಲ್ಲಿ ಒಂದು ಬಿಟ್ ತಂತಿಯ ಮೇಲೆ ಇರುವುದು ಸುಮಾರು 167 ಪಿಕೋಸೆಕೆಂಡ್. ಅಷ್ಟರಲ್ಲಿ ನಿರ್ವಾತದಲ್ಲಿ ಬೆಳಕು ಸಾಗುವುದು 5 ಸೆಂಟಿಮೀಟರ್. ಮದರ್‌ಬೋರ್ಡಿನ ತಾಮ್ರದ ಗೆರೆಯಲ್ಲಿ ಸಂಕೇತ ಸಾಗುವುದು ಹೆಚ್ಚುಕಡಿಮೆ ಅದರ ಅರ್ಧ. ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಹೋಗುವ ಗೆರೆ ಅದಕ್ಕಿಂತ ಉದ್ದವಾಗಿರುವುದರಿಂದ, ಹಿಂದಿನ ಬಿಟ್ ಇನ್ನೂ ದಾರಿಯಲ್ಲಿರುವಾಗಲೇ ಮುಂದಿನದು ಹೊರಟಿರುತ್ತದೆ. ಸ್ವೀಕರಿಸುವ ಕಡೆಯಲ್ಲಿ ಸಂಕೇತ ಸ್ಥಿರವಾಗಿ ನಿಂತಿರುವ ಕಿರಿದಾದ ಕ್ಷಣವನ್ನು ಆರಿಸಿ ಓದಬೇಕು. ಆ ಕ್ಷಣದ ಅಗಲವನ್ನೂ ಎತ್ತರವನ್ನೂ ಸೇರಿಸಿ ಎಂಜಿನಿಯರುಗಳು ಅದನ್ನು ಕಣ್ಣು ಎನ್ನುತ್ತಾರೆ. ವೇಗ ಏರಿದಷ್ಟೂ ಕಣ್ಣು ಮುಚ್ಚುತ್ತ ಬರುತ್ತದೆ. ಗೆರೆಯ ತುದಿಯಿಂದ ಹಿಂದಿರುಗುವ ಪ್ರತಿಫಲನ, ಪಕ್ಕದ ಗೆರೆಯ ಗದ್ದಲ, ವಿದ್ಯುತ್ ಪೂರೈಕೆಯ ಏರಿಳಿತ, ಎಲ್ಲವೂ ಅದನ್ನು ಇನ್ನಷ್ಟು ಕಿರಿದಾಗಿಸುತ್ತವೆ. ಎರಡು ಸ್ಟಿಕ್‌ಗಳಿದ್ದಾಗ ಸಲೀಸಾಗಿ ಓಡಿದ ವೇಗ ನಾಲ್ಕು ಸ್ಟಿಕ್‌ ಹಾಕಿದ ಕೂಡಲೇ ಕೈಕೊಡುವುದು ಇದರಿಂದಲೇ. ಅಲ್ಲಿ ಚಿಪ್‌ಗಳ ತಪ್ಪಿಲ್ಲ, ಹೊರೆ ಹೆಚ್ಚಾದ ತಂತಿಯ ಕಣ್ಣು ಮುಚ್ಚಿದೆ.

ಪ್ರತಿ ಬೋರ್ಡಿನಲ್ಲೂ ಈ ಕಣ್ಣು ಬೇರೆ ಬೇರೆ ಜಾಗದಲ್ಲಿರುವುದರಿಂದ, ಕಂಪ್ಯೂಟರ್ ಏಳುವಾಗ ನಿಯಂತ್ರಕವು ಗೊತ್ತಿರುವ ಮಾದರಿಗಳನ್ನು ಬರೆದು ಓದಿ, ಸಮಯವನ್ನು ಹಿಂದೆ ಮುಂದೆ ಸರಿಸಿ, ಪ್ರತಿಯೊಂದು ಗೆರೆಗೂ ಒಳ್ಳೆಯ ಕ್ಷಣವನ್ನು ಹುಡುಕಿಕೊಳ್ಳುತ್ತದೆ. ಇದಕ್ಕೆ ಮೆಮೊರಿ ಟ್ರೇನಿಂಗ್ ಎಂದು ಹೆಸರು. ಹೊಸ ಡಿಡಿಆರ್5 ಕಂಪ್ಯೂಟರ್ ಮೊದಲ ಸಲ ಏಳುವಾಗ ಕೆಲವು ನಿಮಿಷ ಪರದೆ ಕಪ್ಪಾಗಿರುವುದು ಈ ಹುಡುಕಾಟಕ್ಕಾಗಿ. ಕೆಟ್ಟುಹೋಯಿತೆಂದು ಭಾವಿಸಿ ನಡುವೆ ವಿದ್ಯುತ್ ಕಡಿಯಬಾರದು.

ನಿಯಂತ್ರಕದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ, ಮತ್ತು ಸಂಖ್ಯೆಯ ಬೆನ್ನು ಹತ್ತಿದವರು ಎಡವುವುದು ಇಲ್ಲಿ. ಮೆಮೊರಿಯ ಗಡಿಯಾರ ಒಂದು, ನಿಯಂತ್ರಕದ ಗಡಿಯಾರ ಇನ್ನೊಂದು. ಎರಡೂ ಹೆಜ್ಜೆ ಹೊಂದಿಸಿ ನಡೆದರೆ ಕಾಯುವಿಕೆ ಕಡಿಮೆ. ಮೆಮೊರಿಯ ವೇಗ ಒಂದು ಮಿತಿ ದಾಟಿದಾಗ ನಿಯಂತ್ರಕ ಅದರೊಂದಿಗೆ ಓಡಲಾರದೆ ಅರ್ಧ ವೇಗಕ್ಕೆ ಇಳಿಯುತ್ತದೆ. ಇಂಟೆಲ್ ಬೋರ್ಡುಗಳಲ್ಲಿ ಇದನ್ನು ಗೇರ್ 1, ಗೇರ್ 2 ಎಂದು ಕರೆಯುತ್ತಾರೆ. ಎಎಂಡಿಯ ರೈಜನ್ 3000 ಸರಣಿಯಲ್ಲಿ ಡಿಡಿಆರ್4-3600ರ ಸುಮಾರಿನವರೆಗೆ ಗಡಿಯಾರಗಳು ತಾವಾಗಿ ಸರಿಸಮವಾಗಿ ಓಡುತ್ತಿದ್ದವು, ಅದನ್ನು ಹೆಚ್ಚು ದಾಟಿದರೆ ಸಾಮಾನ್ಯವಾಗಿ ಹೊಂದಿಕೆ ತಪ್ಪುತ್ತಿತ್ತು. ಹಾಗೆ ಹೊಂದಿಕೆ ತಪ್ಪಿ 3800ಕ್ಕೋ 4000ಕ್ಕೋ ಹೋದವರ ಪರದೆಯ ಮೇಲೆ ಸಂಖ್ಯೆ ದೊಡ್ಡದಾಗಿ, ಪ್ರತಿ ಓದಿಗೆ ಹಿಡಿಯುವ ಸಮಯ ಮೊದಲಿಗಿಂತ ಹೆಚ್ಚಾಗುತ್ತಿತ್ತು. ಡಿಡಿಆರ್5 ಬಳಸುವ ರೈಜನ್ 7000ದಲ್ಲಿ 6000 ಎಂಬ ಸಂಖ್ಯೆಗೆ ಅಷ್ಟು ಮಾನ್ಯತೆ ಸಿಕ್ಕಿದ್ದೂ ಇಂಥದೇ ಕಾರಣಕ್ಕೆ. ಏರಿಸಿದ ನಂತರ ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ದತ್ತಾಂಶ) ಜೊತೆಗೆ ಲೇಟೆನ್ಸಿಯನ್ನೂ (ಪ್ರತಿ ಓದಿಗೆ ಕಾಯುವ ಸಮಯ) ಅಳೆಯದವರಿಗೆ ತಾವು ಮುಂದೆ ಹೋದೆವೋ ಹಿಂದೆ ಬಂದೆವೋ ತಿಳಿಯುವುದಿಲ್ಲ.

ವೋಲ್ಟೇಜ್ ಈ ಎಲ್ಲ ಮೀಸಲುಗಳನ್ನು ಒಂದಿಷ್ಟು ಹಿಗ್ಗಿಸುವ ಸಾಧನ. ಡಿಡಿಆರ್4ಕ್ಕೆ ಮಾನದಂಡ ಹೇಳುವುದು 1.2 ವೋಲ್ಟ್, ಎಕ್ಸ್‌ಎಂಪಿ ಪ್ರೊಫೈಲ್‌ಗಳು ಸಾಮಾನ್ಯವಾಗಿ ಕೇಳುವುದು 1.35, ಡಿಡಿಆರ್5ಕ್ಕೆ ಮಾನದಂಡ 1.1, ಪ್ರೊಫೈಲ್‌ಗಳು ಹೆಚ್ಚಾಗಿ 1.25ರಿಂದ 1.4ರ ನಡುವೆ. ಸ್ಟಿಕ್‌ಗೆ ಕೊಡುವ ವೋಲ್ಟೇಜ್‌ಗಿಂತ ಪ್ರೊಸೆಸರ್‌ನೊಳಗಿನ ನಿಯಂತ್ರಕಕ್ಕೆ ಕೊಡುವ ವೋಲ್ಟೇಜ್ ಬಗ್ಗೆ ಹೆಚ್ಚು ಎಚ್ಚರ ಬೇಕು, ಏಕೆಂದರೆ ಅಲ್ಲಿ ಕೆಡುವುದು ರ‍್ಯಾಮ್ ಅಲ್ಲ, ಪ್ರೊಸೆಸರ್. ಅದಕ್ಕಿಂತ ಮುಖ್ಯವಾಗಿ, ಬೋರ್ಡುಗಳು ಪ್ರೊಫೈಲ್ ಆರಿಸಿದ ಕೂಡಲೇ ನಮ್ಮನ್ನು ಕೇಳದೆ ಈ ವೋಲ್ಟೇಜನ್ನು ತಾವೇ ಏರಿಸಿಬಿಡಬಹುದು. 2023ರಲ್ಲಿ ಕೆಲವು ರೈಜನ್ 7000 ಪ್ರೊಸೆಸರ್‌ಗಳು ಸುಟ್ಟ ಪ್ರಕರಣಗಳ ನಂತರ ಎಎಂಡಿ ಹೊಸ ಬಯಾಸ್ ತಂತ್ರಾಂಶದ ಮೂಲಕ ಎಸ್‌ಒಸಿ ಎಂದು ಕರೆಯುವ ಈ ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸಬೇಕಾಯಿತು. ಪ್ರೊಫೈಲ್ ಆರಿಸಿದ ಮೇಲೆ ಬೋರ್ಡು ಆಟೋ ಎಂಬ ಪದದ ಹಿಂದೆ ಏನು ಕೊಡುತ್ತಿದೆ ಎಂದು ನೋಡದೆ ಮುಂದೆ ಹೋಗಬಾರದು ಎಂದು ನಾನು ಒತ್ತಿ ಹೇಳುತ್ತೇನೆ.

ಬಿಸಿ ಇನ್ನೊಂದು ವಿಷಯ. ತೂತು ಕೊಡದಿಂದ ಸೋರುವ ವೇಗ ಬಿಸಿಯೊಂದಿಗೆ ಏರುತ್ತದೆ; 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ರಿಫ್ರೆಶ್‌ಗಳನ್ನು ಇಮ್ಮಡಿ ಮಾಡಬೇಕೆಂದು ಮಾನದಂಡವೇ ಹೇಳುತ್ತದೆ. ಓವರ್‌ಕ್ಲಾಕ್ ಮಾಡುವವರು ಇದಕ್ಕೆ ವಿರುದ್ಧ ದಿಕ್ಕಿನಲ್ಲಿ ಹೋಗುತ್ತಾರೆ: ರಿಫ್ರೆಶ್‌ಗಳ ನಡುವಿನ ಅಂತರವಾದ ಟಿಆರ್‌ಇಎಫ್‌ಐಯನ್ನು ಹಲವು ಪಟ್ಟು ಹಿಗ್ಗಿಸಿ, ಪ್ರತಿ ರಿಫ್ರೆಶ್‌ನ ಅವಧಿಯಾದ ಟಿಆರ್‌ಎಫ್‌ಸಿಯನ್ನು ಕುಗ್ಗಿಸಿ, ಹಾಗೆ ಉಳಿದ ಸಮಯವನ್ನು ಓದುಬರಹಕ್ಕೆ ಕೊಡುತ್ತಾರೆ. ಲಾಭ ಕಣ್ಣಿಗೆ ಕಾಣುವಷ್ಟು ದೊರೆಯುತ್ತದೆ. ಆದರೆ ಚಿಪ್ ತಂಪಾಗಿರುವವರೆಗೆ ಮಾತ್ರ ಅದು ನಂಬಲರ್ಹ. ಗ್ರಾಫಿಕ್ಸ್ ಕಾರ್ಡ್ ಸುಮ್ಮನಿರುವಾಗ ಗಂಟೆಗಟ್ಟಲೆ ಪರೀಕ್ಷೆ ಪಾಸಾದ ಹೊಂದಾಣಿಕೆ, ಅದೇ ಕಾರ್ಡ್ ಪೂರ್ಣ ಬಲದಲ್ಲಿ ಬಿಸಿಗಾಳಿಯನ್ನು ಸ್ಟಿಕ್‌ಗಳ ಮೇಲೆ ಸುರಿಯತೊಡಗಿದಾಗ ಸೋಲಬಹುದು.

ಇಷ್ಟೆಲ್ಲ ಮಾಡಿ ಸಿಗುವುದೇನು ಎಂಬ ಪ್ರಶ್ನೆಗೆ ಉತ್ತರ ಕೆಲಸವನ್ನು ಅವಲಂಬಿಸಿದೆ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಬಳಸುವವರಿಗೆ ಲಾಭ ಅತಿ ಹೆಚ್ಚು, ಏಕೆಂದರೆ ಅದಕ್ಕೆ ಸ್ವಂತ ಮೆಮೊರಿಯಿಲ್ಲ, ಇದೇ ತಂತಿಗಳ ಮೇಲೆ ಬದುಕಬೇಕು. ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮೊದಲು ಸುಸ್ತಾಗುವ ಆಟಗಳಲ್ಲಿ, ಕಡತಗಳನ್ನು ಸಂಕುಚಿಸುವ ಕೆಲಸದಲ್ಲಿ ವ್ಯತ್ಯಾಸ ಕಾಣುತ್ತದೆ. ದೊಡ್ಡ ಕ್ಯಾಶ್ (ಪ್ರೊಸೆಸರ್‌ನೊಳಗೇ ಇರುವ ವೇಗದ ಪುಟ್ಟ ಮೆಮೊರಿ) ಇರುವ ಪ್ರೊಸೆಸರ್‌ಗಳು ಮೆಮೊರಿಯ ಬಾಗಿಲು ತಟ್ಟುವುದೇ ಕಡಿಮೆಯಾದ್ದರಿಂದ ಅವುಗಳಲ್ಲಿ ಲಾಭವೂ ಕಡಿಮೆ. ಬರವಣಿಗೆ, ಬ್ರೌಸರ್, ವಿಡಿಯೊ ನೋಡುವುದು, ಇವಿಷ್ಟೇ ಕೆಲಸವಾದರೆ ಪ್ರೊಫೈಲ್ ಆರಿಸಿ ಅಲ್ಲಿಗೆ ನಿಲ್ಲಿಸುವುದೇ ಸರಿ.

ನಷ್ಟದ ಕಡೆಯನ್ನು ಮಾತ್ರ ಇನ್ನಷ್ಟು ಹತ್ತಿರದಿಂದ ನೋಡಬೇಕು. ಮೀಸಲು ಪೂರ್ತಿ ಮುಗಿದರೆ ಕಂಪ್ಯೂಟರ್ ಏಳುವುದಿಲ್ಲ, ಬಯಾಸ್ ಸೆಟ್ಟಿಂಗ್ ಅಳಿಸಿದರೆ ಮತ್ತೆ ಏಳುತ್ತದೆ. ಅದು ಅಪಾಯವಲ್ಲ, ಕಿರಿಕಿರಿ. ಅಪಾಯವಿರುವುದು ಮೀಸಲು ಕೂದಲೆಳೆಯಷ್ಟು ಕಡಿಮೆಯಾದಾಗ. ಕಂಪ್ಯೂಟರ್‌ಗಳು ಇಂದು ಪಠ್ಯವನ್ನು ಉಳಿಸುವ ಸಾಮಾನ್ಯ ಕ್ರಮದಲ್ಲಿ ಕನ್ನಡದ ಒಂದು ಅಕ್ಷರಕ್ಕೆ ಮೂರು ಬೈಟ್ ಬೇಕು. ಕ ಅಕ್ಷರದ ಮೂರನೆಯ ಬೈಟ್ 10010101, ಗ ಅಕ್ಷರದ್ದು 10010111. ಉಳಿದೆರಡು ಬೈಟ್‌ಗಳು ಎರಡಕ್ಕೂ ಒಂದೇ. ನಡುವಿನ ವ್ಯತ್ಯಾಸ ಒಂದೇ ಒಂದು ಬಿಟ್. ಮೆಮೊರಿಯಲ್ಲಿದ್ದ ಕುರಿ ಎಂಬ ಪದದಲ್ಲಿ ಆ ಒಂದು ಬಿಟ್ ತಿರುಗಿದರೆ ಅದು ಗುರಿ ಎಂದಾಗುತ್ತದೆ, ಕಡತವನ್ನು ಉಳಿಸಿದಾಗ ಡಿಸ್ಕಿಗೆ ಗುರಿಯೇ ಹೋಗುತ್ತದೆ. ಎಚ್ಚರಿಕೆಯಿಲ್ಲ, ನೀಲಿ ಪರದೆಯಿಲ್ಲ, ಕಂಪ್ಯೂಟರಿನ ಮಟ್ಟಿಗೆ ಎರಡೂ ಸರಿಯಾದ ಪದಗಳೇ. ಅದೇ ಬಿಟ್ ಒಂದು ಸಂಕುಚಿತ ಕಡತದಲ್ಲಿದ್ದರೆ ಕಡತ ತೆರೆಯದೆ ಹೋಗಬಹುದು, ಹಳೆಯ ಚಿತ್ರವೊಂದರಲ್ಲಿದ್ದರೆ ಅರ್ಧ ಚಿತ್ರ ಬೂದು ಬಣ್ಣವಾಗಬಹುದು, ಮತ್ತು ಅದು ಗೊತ್ತಾಗುವುದು ತಿಂಗಳುಗಳ ಮೇಲೆ, ಅಷ್ಟರಲ್ಲಿ ಬ್ಯಾಕಪ್‌ಗೂ ಕೆಟ್ಟ ಪ್ರತಿಯೇ ಸೇರಿರುತ್ತದೆ. ಡಿಡಿಆರ್5 ಚಿಪ್‌ಗಳೊಳಗೆ ಒಂದು ಬಿಟ್‌ನ ತಪ್ಪನ್ನು ತಿದ್ದುವ ವ್ಯವಸ್ಥೆಯಿದೆ ಎಂಬುದು ನಿಜ, ಆದರೆ ಅದು ಕಾಯುವುದು ಚಿಪ್‌ನೊಳಗಿನ ಕೋಶಗಳನ್ನು ಮಾತ್ರ. ತಂತಿಯ ಮೇಲೆ ಕೆಟ್ಟ ಬಿಟ್ ಅದರ ಕಣ್ಣಿಗೆ ಬೀಳುವುದಿಲ್ಲ.

ಹೀಗಾಗಿ ಕೆಲಸದ ಕ್ರಮದಲ್ಲಿ ಪರೀಕ್ಷೆಗೆ ಸಿಗಬೇಕಾದ ಸಮಯ, ಏರಿಸುವುದಕ್ಕೆ ಕೊಡುವ ಸಮಯಕ್ಕಿಂತ ಬಹಳ ಹೆಚ್ಚು. ನಾನು ಅನುಸರಿಸುವ ದಾರಿ ಸರಳವಾದದ್ದು. ಮುಖ್ಯ ಕಡತಗಳಿರುವ ಡಿಸ್ಕನ್ನು ಕಳಚಿಟ್ಟು ಮೊದಲು ಪ್ರೊಫೈಲನ್ನೇ ಪರೀಕ್ಷಿಸುತ್ತೇನೆ, ಪೊಟ್ಟಣದ ಮೇಲಿದೆ ಎಂದ ಮಾತ್ರಕ್ಕೆ ಅದನ್ನು ನಂಬುವುದಿಲ್ಲ; ತಯಾರಕರು ಸ್ಟಿಕ್ ಪರೀಕ್ಷಿಸಿದ್ದಾರೆ, ನನ್ನ ಪ್ರೊಸೆಸರ್‌ನ ನಿಯಂತ್ರಕವನ್ನಲ್ಲ. ಯುಎಸ್‌ಬಿಯಿಂದಲೇ ಏಳುವ ಮೆಮ್‌ಟೆಸ್ಟ್86 ಇದಕ್ಕೆ ಅನುಕೂಲ, ಏಕೆಂದರೆ ಆಗ ಆಪರೇಟಿಂಗ್ ಸಿಸ್ಟಂನ ಕಡತಗಳು ಕೆಡುವ ಭಯವಿಲ್ಲ. ಆಮೇಲೆ ಟೈಮಿಂಗ್‌ಗಳನ್ನು (ಸಿಎಲ್, ಟಿಆರ್‌ಸಿಡಿ ಮುಂತಾದ ಬಡಿತಗಳ ಸಂಖ್ಯೆಗಳನ್ನು) ಸಡಿಲ ಬಿಟ್ಟು ವೇಗವನ್ನಷ್ಟೇ ಏರಿಸಿ, ತಂತಿ ಮತ್ತು ನಿಯಂತ್ರಕದ ಮಿತಿಯನ್ನು ಕಂಡುಕೊಳ್ಳಬೇಕು. ಅಲ್ಲಿಂದ ಒಂದು ಮೆಟ್ಟಿಲು ಕೆಳಗಿಳಿದು ಟೈಮಿಂಗ್‌ಗಳನ್ನು ಒಂದೊಂದಾಗಿ ಬಿಗಿ ಮಾಡಬೇಕು. ಒಮ್ಮೆಗೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಕಾಗದದ ಮೇಲೆ ಬರೆದಿಟ್ಟುಕೊಂಡು. ಒಂದು ಪರೀಕ್ಷೆ ಹಿಡಿಯದ ತಪ್ಪನ್ನು ಇನ್ನೊಂದು ಹಿಡಿಯುತ್ತದೆ: ಟೆಸ್ಟ್‌ಮೆಮ್5 ಚಿಪ್‌ಗಳನ್ನು ಕೆದಕಿದರೆ, ವೈ-ಕ್ರಂಚರ್ ಮತ್ತು ಪ್ರೈಮ್95 ನಿಯಂತ್ರಕವನ್ನೂ ಪ್ರೊಸೆಸರ್‌ನ್ನೂ ಸೇರಿಸಿ ದುಡಿಸುತ್ತವೆ. ರಾತ್ರಿಯಿಡೀ ಓಡಿದ ಪರೀಕ್ಷೆಯಲ್ಲಿ ಬೆಳಗ್ಗೆ ಒಂದೇ ಒಂದು ತಪ್ಪು ಕಂಡರೂ ಆ ಹೊಂದಾಣಿಕೆ ಅನುತ್ತೀರ್ಣ. ಅಷ್ಟು ದೊಡ್ಡ ಮೊತ್ತದಲ್ಲಿ ಒಂದು ತಪ್ಪು ತಾನೇ ಎಂದು ಬಿಡುವವರು ಕುರಿ ಗುರಿಯಾದ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು.

ಪಾಸಾದ ಮೇಲೂ ಕೆಲಸ ಸ್ವಲ್ಪ ಬಾಕಿಯಿರುತ್ತದೆ. ಟ್ರೇನಿಂಗ್ ಹೊಸದಾಗಿ ನಡೆದಾಗಲೆಲ್ಲ ಅದು ಕಂಡುಕೊಳ್ಳುವ ಕ್ಷಣಗಳು ತುಸು ಆಚೀಚೆಯಾಗುವುದುಂಟು, ಹಾಗಾಗಿ ಮೀಸಲು ತೀರ ಕಡಿಮೆಯಿರುವ ಹೊಂದಾಣಿಕೆ ಇಂದು ಸರಿಯಾಗಿದ್ದು, ರಾತ್ರಿಯಿಡೀ ತಣ್ಣಗಾದ ಯಂತ್ರವನ್ನು ಬೆಳಗ್ಗೆ ಎಬ್ಬಿಸಿದಾಗ ತಪ್ಪಬಹುದು. ವಿದ್ಯುತ್ ಪೂರ್ತಿ ತೆಗೆದು ಕೆಲವು ಸಲ ತಣ್ಣನೆಯ ಸ್ಥಿತಿಯಿಂದ ಎಬ್ಬಿಸಿ, ಪ್ರತಿ ಸಲವೂ ಚಿಕ್ಕದೊಂದು ಪರೀಕ್ಷೆ ಓಡಿಸಿ ನೋಡಬೇಕು. ಬಯಾಸ್ ಹೊಸ ಆವೃತ್ತಿಗೆ ಏರಿದಾಗ ಟ್ರೇನಿಂಗ್ ನಡೆಸುವ ತಂತ್ರಾಂಶವೇ ಬದಲಾಗಿರಬಹುದಾದ್ದರಿಂದ, ಹಳೆಯ ಸಂಖ್ಯೆಗಳನ್ನು ಕಾಗದ ನೋಡಿ ಹಾಗೆಯೇ ತುಂಬಿದರೂ ರಾತ್ರಿಯ ಪರೀಕ್ಷೆಯನ್ನು ಮೊದಲಿನಿಂದ ಇನ್ನೊಮ್ಮೆ ಓಡಿಸಬೇಕಾಗುತ್ತದೆ.